ಎಚ್ಚರಿಕೆಯ ವೇಷ ತೊಟ್ಟ ವಂಚನೆ

ಬ್ರೌಸರಿನಲ್ಲಿ ತೆರೆದ ಯಾವುದೋ ಪುಟ ತಟಕ್ಕನೆ ಪರದೆ ತುಂಬ ಹರಡಿಕೊಂಡು ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂದು ಕೂಗತೊಡಗಿದರೆ ಅದು ಸುಳ್ಳು. ಇರಬಹುದು, ಇಲ್ಲದಿರಬಹುದು ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿಲ್ಲ. ವೆಬ್‌ಸೈಟಿನ ಪುಟವೊಂದಕ್ಕೆ ನಿಮ್ಮ ಯಂತ್ರದ ಕಡತಗಳನ್ನು ಜಾಲಾಡಿ ವೈರಸ್ ಪತ್ತೆ ಮಾಡುವ ಶಕ್ತಿಯೇ ಇಲ್ಲ. ಈ ಒಂದು ಸಂಗತಿ ಎಲ್ಲರಿಗೂ ತಿಳಿದಿದ್ದರೆ ಈ ದಂಧೆ ಎಂದೋ ಮುಚ್ಚಿಹೋಗಬೇಕಿತ್ತು. ಮುಚ್ಚಿಲ್ಲ, ಬೆಳೆದಿದೆ. ತಾಂತ್ರಿಕ ನೆರವಿನ ಸೋಗಿನಲ್ಲಿ ನಡೆದ ಮೋಸದಿಂದ ಆದ ನಷ್ಟವೆಂದು ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳ ಮೊತ್ತ 2023ರಲ್ಲಿ 92 ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಅದು ಸುಮಾರು 146 ಕೋಟಿ ಡಾಲರ್‌ಗೆ ಏರಿತು. ಇವೆಲ್ಲವೂ ಬ್ರೌಸರಿನ ಎಚ್ಚರಿಕೆಯಿಂದಲೇ ಶುರುವಾದವಲ್ಲ. ನೇರ ಫೋನ್ ಕರೆ, ಈಮೇಲ್‌ಗಳಿಂದ ಆದದ್ದೂ ಅದರಲ್ಲಿ ಸೇರಿದೆ. ಆದರೆ ಪರದೆಯ ಮೇಲೆ ಎದ್ದುಬರುವ ಸುಳ್ಳು ಎಚ್ಚರಿಕೆ ಈ ಮೋಸದ ಹೆಬ್ಬಾಗಿಲುಗಳಲ್ಲೊಂದು.

ಯಂತ್ರಕ್ಕೆ ಏನೂ ಆಗದಿರುವಾಗ ಜನ ದುಡ್ಡು ಕಳೆದುಕೊಳ್ಳುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸಿಗುವ ಉತ್ತರ ಒಂದೇ: ಈ ದಾಳಿಯ ಗುರಿ ಮನುಷ್ಯನ ಗಾಬರಿ, ಅದರ ಆಯುಧ ಅವಸರ. ಪರದೆಯ ಮೇಲೆ ಚಿತ್ರ ಮೂಡಿದಾಗ ಯಾವ ಹಾನಿಯೂ ಆಗಿರುವುದಿಲ್ಲ. ಅದನ್ನು ನಂಬಿ ನಾವು ಮಾಡುವ ಮುಂದಿನ ಕೆಲಸದಿಂದ ಹಾನಿ ಶುರು. ಹಾಗಿದ್ದರೂ ಹೊಣೆಯನ್ನೆಲ್ಲ ಬಳಕೆದಾರನ ತಲೆಗೆ ಕಟ್ಟುವುದು ಅನ್ಯಾಯ. ಜಾಹೀರಾತಿನ ಮಾರುಕಟ್ಟೆ, ಬ್ರೌಸರ್ ತಯಾರಕರು, ಕಾನೂನು ಇವರೆಲ್ಲರ ಪಾಲೂ ಇದರಲ್ಲಿದೆ.

ಪುಟಕ್ಕೆ ಕಾಣುವುದೆಷ್ಟು?

ಬ್ರೌಸರ್ ತಾನು ತೆರೆಯುವ ಪ್ರತಿ ಪುಟವನ್ನೂ ಒಂದು ಬೇಲಿಯೊಳಗೆ ಇಡುತ್ತದೆ. ನೀವೇ ಆರಿಸಿ ಅಪ್‌ಲೋಡ್ ಮಾಡದ ಹೊರತು ನಿಮ್ಮ ಫೋಟೋ, ದಾಖಲೆ, ಪ್ರೋಗ್ರಾಮ್‌ಗಳು ಆ ಪುಟಕ್ಕೆ ಕಾಣುವುದಿಲ್ಲ. ಕಾಣುವುದು ಕೆಲವು ಹೊರಗುರುತುಗಳು ಮಾತ್ರ: ಯಂತ್ರದಲ್ಲಿರುವುದು ವಿಂಡೋಸೋ ಆಂಡ್ರಾಯ್ಡೋ, ಬ್ರೌಸರ್ ಯಾವುದು, ಪರದೆ ಎಷ್ಟು ಅಗಲ, ಭಾಷೆ ಯಾವುದು, ಎಷ್ಟೋ ಸಲ ಫೋನಿನ ಮಾಡೆಲ್ ಕೂಡ. ಐಪಿ ವಿಳಾಸದಿಂದ ನಿಮ್ಮ ಊರು ಸುಮಾರಾಗಿ ತಿಳಿಯುತ್ತದೆ, ಇಂಟರ್ನೆಟ್ ಕೊಡುವ ಕಂಪನಿ ಯಾವುದೆಂಬುದೂ ತಿಳಿಯುತ್ತದೆ.

ವಂಚಕರಿಗೆ ಇಷ್ಟು ಸಾಕು. ‘ಸ್ಥಳ: ಹುಬ್ಬಳ್ಳಿ, ಸೇವೆ: ಇಂಥ ಕಂಪನಿ, ನಿಮ್ಮ ಈ ಮಾಡೆಲ್ ಫೋನಿಗೆ ನಾಲ್ಕು ವೈರಸ್ ತಗುಲಿವೆ’ ಎಂದು ಬರೆದರೆ, ಊರಿನ ಹೆಸರೂ ಫೋನಿನ ಹೆಸರೂ ನಿಜವಿರುವುದರಿಂದ ಮೂರನೆಯದೂ ನಿಜವಿರಬೇಕೆಂದು ಮನಸ್ಸು ಒಪ್ಪಿಬಿಡುತ್ತದೆ. ಬಹಳ ಕಾಲ ಹರಿದಾಡಿದ ಒಂದು ಎಚ್ಚರಿಕೆಯಲ್ಲಿ ‘ನಿಮ್ಮ ಫೋನ್ 28.1% ಹಾಳಾಗಿದೆ’ ಎಂದಿರುತ್ತಿತ್ತು. ಯಾವ ದೇಶದ ಯಾವ ಫೋನಿನಲ್ಲಿ ತೆರೆದರೂ ಅದೇ 28.1. ಫೋನು ಶೇಕಡಾ ಇಷ್ಟು ಹಾಳಾಗಿದೆ ಎಂದು ಅಳೆಯುವ ಮಾಪನವೇ ಲೋಕದಲ್ಲಿಲ್ಲ. ಆದರೆ ದಶಮಾಂಶದ ನಂತರದ ಆ ಒಂದು ಅಂಕಿ ನಂಬಿಕೆ ಹುಟ್ಟಿಸಿಬಿಡುತ್ತದೆ. ಹಿಂದೆ ಹರಿದಾಡುತ್ತಿದ್ದ ಇನ್ನೊಂದು ಬಗೆಯ ಪುಟದಲ್ಲಿ ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ಕಿಟಕಿಯ ಚಿತ್ರ ಮೂಡಿ, ಸಿ ಡ್ರೈವ್‌ನಲ್ಲಿ ವೈರಸ್ ಹುಡುಕುವಂತೆ ನಟನೆ ನಡೆಯುತ್ತಿತ್ತು. ಸಿ ಡ್ರೈವ್ ಎಂಬುದೇ ಇಲ್ಲದ ಮ್ಯಾಕ್, ಲಿನಕ್ಸ್ ಯಂತ್ರಗಳಲ್ಲೂ ಅದೇ ‘ತಪಾಸಣೆ’ ನಡೆದು ಅದೇ ‘ವೈರಸ್’ ಸಿಗುತ್ತಿದ್ದವು.

ಹಾಗೆಂದು ಪರದೆಯ ಮೇಲಿನ ಎಲ್ಲ ಎಚ್ಚರಿಕೆಗಳೂ ಸುಳ್ಳಲ್ಲ. ಅಪಾಯಕಾರಿ ತಾಣಕ್ಕೆ ಕಾಲಿಡುವ ಮುನ್ನ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರುಗಳು ತಾವೇ ಒಂದು ಕೆಂಪು ಪುಟ ತೋರಿಸಿ ತಡೆಯುತ್ತವೆ. ಈ ಅಸಲಿ ಎಚ್ಚರಿಕೆ ಹೇಳುವುದು ‘ಮುಂದಿರುವ ತಾಣ ಅಪಾಯಕಾರಿ, ಹಿಂದಕ್ಕೆ ಹೋಗಿ’ ಎಂದು. ನಿಮ್ಮ ಯಂತ್ರಕ್ಕೆ ರೋಗ ತಗುಲಿದೆ ಎಂದು ಅದು ಹೇಳುವುದಿಲ್ಲ, ಫೋನ್ ನಂಬರ್ ಕೊಡುವುದಿಲ್ಲ, ಹಣ ಕೇಳುವುದಿಲ್ಲ, ಗಡಿಯಾರ ಓಡಿಸಿ ಇಷ್ಟು ನಿಮಿಷದೊಳಗೆ ಎನ್ನುವುದಿಲ್ಲ. ಯಂತ್ರದಲ್ಲಿ ನೀವೇ ಹಾಕಿಸಿಕೊಂಡ ಆಂಟಿವೈರಸ್‌ನ ಸಂದೇಶವಾದರೆ ಬ್ರೌಸರ್ ಮುಚ್ಚಿದ ಮೇಲೂ ಆ ಪ್ರೋಗ್ರಾಮನ್ನು ತೆರೆದು ನೋಡಿದಾಗ ಅಲ್ಲೇ ಸಿಗುತ್ತದೆ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ವರ್ಷಗಳಿಂದ ಹೇಳುತ್ತ ಬಂದಿದೆ. ಅಸಲಿ–ನಕಲಿ ಬೇರ್ಪಡಿಸಲು ಇದಕ್ಕಿಂತ ಸುಲಭದ ಗುರುತು ಬೇಕಿಲ್ಲ: ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದೆಯೇ, ಅದು ನಕಲಿ.

ಎರಡು ದಶಕದ ಹಾದಿ

ಈ ದಂಧೆಯ ಮೊದಲ ರೂಪ ನಕಲಿ ಆಂಟಿವೈರಸ್ ಮಾರಾಟ. 2000ದ ದಶಕದ ದ್ವಿತೀಯಾರ್ಧದಲ್ಲಿ ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರುಗಳಲ್ಲಿ ಪ್ರೋಗ್ರಾಮ್‌ಗಳು ಬಂದವು. ಜಾಹೀರಾತಿನ ಮೂಲಕ ಸುಳ್ಳು ತಪಾಸಣೆ ತೋರಿಸುವುದು, ಇಲ್ಲದ ವೈರಸ್ ತೆಗೆಯಲು ‘ಪೂರ್ಣ ಆವೃತ್ತಿ’ ಮಾರುವುದು ಇವುಗಳ ಕಸುಬು. ಇವುಗಳ ಹಿಂದಿದ್ದ ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ದಾವೆ ಹೂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸ ಹೋಗಿದ್ದಾರೆಂದು ಆಯೋಗ ಹೇಳಿತ್ತು. 2012ರಲ್ಲಿ ಅಲ್ಲಿನ ನ್ಯಾಯಾಲಯ 16.3 ಕೋಟಿ ಡಾಲರ್ ಪಾವತಿಸುವಂತೆ ತೀರ್ಪಿತ್ತಿತು.

ಹೆಸರಾಂತ ತಾಣಗಳಲ್ಲಿದ್ದರೆ ಸುರಕ್ಷಿತ ಎಂಬ ನಂಬಿಕೆಯೂ ಅದೇ ಕಾಲಕ್ಕೆ ಅಲುಗಾಡಿತು. 2009ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣದಲ್ಲಿಯೇ ಓದುಗರಿಗೆ ಸುಳ್ಳು ವೈರಸ್ ಎಚ್ಚರಿಕೆ ಕಾಣಿಸಿತು. ಹೆಸರುವಾಸಿ ಕಂಪನಿಯೊಂದರ ಸೋಗಿನಲ್ಲಿ ಜಾಹೀರಾತಿನ ಜಾಗ ಕೊಂಡವರು ಮೊದಲು ಸಾಧಾರಣ ಜಾಹೀರಾತು ಹಾಕಿ, ಆಮೇಲೆ ಅದನ್ನು ಬದಲಿಸಿಬಿಟ್ಟಿದ್ದರು. 2011ರ ಮೇ ತಿಂಗಳಲ್ಲಿ ಮ್ಯಾಕ್ ಡಿಫೆಂಡರ್ ಎಂಬ ನಕಲಿ ಪ್ರೋಗ್ರಾಮ್ ಆ್ಯಪಲ್ ಬಳಕೆದಾರರನ್ನೂ ಮುಟ್ಟಿತು. ಮರುತಿಂಗಳು ಎಫ್‌ಬಿಐ ಹಲವು ದೇಶಗಳ ಪೊಲೀಸರೊಂದಿಗೆ ನಡೆಸಿದ ಕಾರ್ಯಾಚರಣೆಯಲ್ಲಿ ಒಂದೇ ತಂಡ 9.6 ಲಕ್ಷ ಜನರಿಂದ 7.2 ಕೋಟಿ ಡಾಲರ್ ಕಿತ್ತಿತ್ತೆಂದು ಹೊರಬಿತ್ತು.

ಎರಡನೆಯ ರೂಪದಲ್ಲಿ ಪ್ರೋಗ್ರಾಮಿನ ಜಾಗಕ್ಕೆ ಮನುಷ್ಯ ಬಂದ. ಮೊದಮೊದಲು ವಂಚಕರೇ ಮನೆಗಳಿಗೆ ಫೋನ್ ಮಾಡಿ ‘ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ’ ಎನ್ನುತ್ತಿದ್ದರು. 2012ರ ಅಕ್ಟೋಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇಂಥ ಆರು ಜಾಲಗಳ ವಿರುದ್ಧ ಒಟ್ಟಿಗೆ ಕ್ರಮ ಕೈಗೊಂಡಾಗ ಅವುಗಳಲ್ಲಿ ಬಹುಪಾಲಿನ ಬೇರು ಭಾರತದಲ್ಲಿತ್ತು. ಬರಬರುತ್ತ ಲೆಕ್ಕಾಚಾರ ತಿರುವುಮುರುವಾಯಿತು. ಸಾವಿರ ಜನಕ್ಕೆ ಫೋನ್ ಮಾಡಿ ಬೈಸಿಕೊಳ್ಳುವುದಕ್ಕಿಂತ, ಪರದೆಯ ಮೇಲೆ ನಂಬರ್ ತೋರಿಸಿ ಹೆದರಿದವರೇ ಫೋನ್ ಮಾಡುವಂತೆ ಮಾಡಿದರೆ ಕೆಲಸ ಹಗುರ. ತಾನಾಗಿಯೇ ಕರೆ ಮಾಡಿದವನಿಗೆ ಆಚೆಯವರ ಮೇಲೆ ಅನುಮಾನವೂ ಕಡಿಮೆ.

ಈ ಸುಳ್ಳು ಕಳ್ಳರ ಗುಹೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ಅಮೆರಿಕದ ದೊಡ್ಡ ಅಂಗಡಿ ಸರಣಿ ಆಫೀಸ್ ಡಿಪೋ ಮತ್ತು ಅದಕ್ಕೆ ಸಾಫ್ಟ್‌ವೇರ್ ಒದಗಿಸಿದ ಸಪೋರ್ಟ್ ಡಾಟ್ ಕಾಮ್ 2019ರಲ್ಲಿ ಒಟ್ಟು 3.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡವು. ಆಯೋಗದ ಆರೋಪ ಹೀಗಿತ್ತು: ‘ಕಂಪ್ಯೂಟರ್ ನಿಧಾನವಾಗಿದೆಯೇ, ಪಾಪ್-ಅಪ್ ಬರುತ್ತಿವೆಯೇ’ ಎಂಬಂಥ ಪ್ರಶ್ನೆಗಳ ಮುಂದಿನ ಚೌಕದಲ್ಲಿ ಗುರುತು ಹಾಕಿದರೆ ಸಾಕು, ತಪಾಸಣೆಯ ಕೊನೆಗೆ ‘ಮಾಲ್‌ವೇರ್ ಲಕ್ಷಣ ಕಂಡಿದೆ’ ಎಂದು ಬರುತ್ತಿತ್ತು; ಆ ಫಲಿತಾಂಶಕ್ಕೆ ತಪಾಸಣೆಯೊಂದಿಗೆ ಸಂಬಂಧವೇ ಇರಲಿಲ್ಲ. ವಿಂಡೋಸ್ ಸಂದೇಶವನ್ನು ಹೋಲುವ ಪಾಪ್-ಅಪ್‌ಗಳ ಮೂಲಕ ‘ದುರಸ್ತಿ’ ಸಾಫ್ಟ್‌ವೇರ್ ಮಾರಿದ ಆರೋಪಕ್ಕೆ ಸೈಪ್ರಸ್‌ನ ರೆಸ್ಟೋರೊ ಮತ್ತು ರೀಇಮೇಜ್ ಕಂಪನಿಗಳು 2024ರ ಮಾರ್ಚ್‌ನಲ್ಲಿ 2.6 ಕೋಟಿ ಡಾಲರ್ ತೆರಲು ಒಪ್ಪಿದವು.

ಎಲ್ಲಿಂದ ಬರುತ್ತದೆ?

ಸುಳ್ಳು ಎಚ್ಚರಿಕೆಯ ಪುಟವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಜಾಹೀರಾತೇ ಮುಖ್ಯ ದಾರಿ. ಒಂದು ತಾಣದಲ್ಲಿ ಕಾಣುವ ಜಾಹೀರಾತು ಆ ತಾಣದವರ ಕೈಯಲ್ಲಿರುವುದು ಅಪರೂಪ. ಪುಟ ತೆರೆದುಕೊಳ್ಳುವ ಕ್ಷಣದಲ್ಲಿ ಹಲವು ಮಧ್ಯವರ್ತಿಗಳ ನಡುವೆ ಹರಾಜು ನಡೆದು ಗೆದ್ದವರ ಸರಕು ಅಲ್ಲಿ ಬಂದು ಕೂರುತ್ತದೆ. ಈ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಕಾಸಿನಾಸೆಗೆ ಕಣ್ಣು ಮುಚ್ಚಿದರೆ ವಂಚಕ ಒಳಗೆ ಬರುತ್ತಾನೆ. ಹೊಸ ಸಿನಿಮಾದ ಕದ್ದ ಪ್ರತಿ, ಕ್ರಿಕೆಟ್ ಪಂದ್ಯದ ಪುಕ್ಕಟೆ ನೇರಪ್ರಸಾರ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಕೊಡುವ ತಾಣಗಳಲ್ಲಿ ಈ ಬಗೆಯ ಜಾಹೀರಾತೇ ಹೆಚ್ಚು. ಅಲ್ಲಿ ‘ಪ್ಲೇ’ ಗುಂಡಿಯ ಮೇಲೆ ಕಾಣದಂತೆ ಹೊದಿಸಿದ ಇನ್ನೊಂದು ಪದರವಿರುತ್ತದೆ. ಮೊದಲ ಒತ್ತು ವೀಡಿಯೋಗೆ ಹೋಗುವುದೇ ಇಲ್ಲ.

ಇನ್ನೊಂದು ದಾರಿ ಹುಡುಕಾಟದ ಫಲಿತಾಂಶಗಳ ಮೇಲ್ತುದಿಯಲ್ಲಿ ಕಾಣುವ ಕಾಸು ಕೊಟ್ಟ ಜಾಹೀರಾತು. ಪ್ರಿಂಟರ್ ಕಂಪನಿಯ ಸಹಾಯವಾಣಿಯನ್ನೋ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನೋ ಹುಡುಕಿದವರು ಮೊದಲ ಸಾಲನ್ನೇ ಒತ್ತಿಬಿಡುತ್ತಾರೆ. ಜನಪ್ರಿಯ ತಾಣದ ವಿಳಾಸದಲ್ಲಿ ಒಂದಕ್ಷರ ತಪ್ಪಾಗಿ ಒತ್ತಿದಾಗ ತೆರೆಯುವ ತಾಣ ಮೂರನೆಯ ದಾರಿ. ಸರಿಯಾಗಿ ನೋಡಿಕೊಳ್ಳದ ಸಣ್ಣಪುಟ್ಟ ಸಂಸ್ಥೆಗಳ ತಾಣಗಳೊಳಗೆ ನುಗ್ಗಿ, ಬಂದವರನ್ನು ಬೇರೆಡೆಗೆ ತಿರುಗಿಸುವುದು ನಾಲ್ಕನೆಯದು.

ಒಮ್ಮೆ ತೆರೆದ ಪುಟ ನಿಮ್ಮನ್ನು ಬಿಡದಿರಲು ನೋಡುತ್ತದೆ. ಬ್ರೌಸರಿನಲ್ಲಿ ವೀಡಿಯೋ ನೋಡಲೆಂದು ಇರುವ ಪೂರ್ಣ ಪರದೆಯ ಸೌಲಭ್ಯವನ್ನು ಬಳಸಿ ವಿಳಾಸಪಟ್ಟಿ, ಮುಚ್ಚುವ ಗುಂಡಿ ಎರಡನ್ನೂ ಮರೆಮಾಡುತ್ತದೆ. ಸಂದೇಶಪೆಟ್ಟಿಗೆಗಳು ಒಂದರ ಹಿಂದೊಂದು ಬರುತ್ತವೆ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಮತ್ತೆ ಅದೇ ಪುಟ. ಮೌಸ್‌ನ ಬಾಣ ಕಾಣೆಯಾಗಬಹುದು. ಸೈರನ್ ಮೊಳಗಿ, ‘ಕಂಪ್ಯೂಟರ್ ಆಫ್ ಮಾಡಬೇಡಿ, ದತ್ತಾಂಶ ನಾಶವಾಗುತ್ತದೆ’ ಎಂದು ಯಾಂತ್ರಿಕ ದನಿ ಹೇಳುತ್ತಲೇ ಇರುತ್ತದೆ. ಆಫ್ ಮಾಡಿದರೆ ಆಟ ಮುಗಿಯುತ್ತದೆ ಎಂಬುದೇ ಅವರ ಭಯ. ಅದಕ್ಕೇ ಆ ಮಾತನ್ನು ಅಷ್ಟು ಸಲ ಹೇಳಿಸುತ್ತಾರೆ.

ಕರೆ ಮಾಡಿದ ಮೇಲೆ

ಆಚೆಯಿಂದ ಮಾತಾಡುವವರ ದನಿಯಲ್ಲಿ ಸಹಾನುಭೂತಿ ತುಂಬಿರುತ್ತದೆ. ಮೊದಲ ಕೆಲಸ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರನಿಯಂತ್ರಣ ಪ್ರೋಗ್ರಾಮ್ ಹಾಕಿಸುವುದು. ಇವು ಕಚೇರಿಗಳಲ್ಲಿ ದಿನನಿತ್ಯ ಬಳಕೆಯಾಗುವ ಸಾಚಾ ಪ್ರೋಗ್ರಾಮ್‌ಗಳೇ. ಆದ್ದರಿಂದ ಆಂಟಿವೈರಸ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಆಮೇಲೆ ಶುರುವಾಗುವುದು ‘ಪುರಾವೆ’ ತೋರಿಸುವ ನಾಟಕ.

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಎಂಬ ದಿನಚರಿ ಪುಸ್ತಕವಿದೆ. ಯಂತ್ರದಲ್ಲಿ ನಡೆದ ಸಣ್ಣಪುಟ್ಟದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ. ಒಂದು ಸೇವೆ ತಡವಾಗಿ ಶುರುವಾದರೂ ಕೆಂಪು ಗುರುತು ಬೀಳುತ್ತದೆ. ಅಂಗಡಿಯಿಂದ ತಂದು ಒಂದೆರಡು ದಿನ ಬಳಸಿದ ಯಂತ್ರದಲ್ಲೂ ಇಂಥ ಗುರುತುಗಳಿರುತ್ತವೆ. ವಂಚಕರು ಅದನ್ನೇ ತೆರೆದು, ಇವೆಲ್ಲ ವೈರಸ್ ಎನ್ನುತ್ತಾರೆ.

ಇನ್ನೊಂದು ತಂತ್ರ ಇದಕ್ಕಿಂತ ಚಾಣಾಕ್ಷ. ಕಪ್ಪು ಕಿಟಕಿಯೊಂದನ್ನು ತೆರೆಸಿ ಎ-ಎಸ್-ಎಸ್-ಒ-ಸಿ ಎಂಬ ಐದಕ್ಷರದ ಆಜ್ಞೆ ಒತ್ತಿಸುತ್ತಾರೆ. ಯಾವ ಬಗೆಯ ಕಡತ ಯಾವ ಪ್ರೋಗ್ರಾಮಿನಲ್ಲಿ ತೆರೆದುಕೊಳ್ಳಬೇಕೆಂಬ ಪಟ್ಟಿಯನ್ನು ತೋರಿಸುವ ಆಜ್ಞೆ ಅದು. ಅಕಾರಾದಿಯಾಗಿ ಓಡುವ ಆ ಪಟ್ಟಿಯ ಕೊನೆಯಲ್ಲಿ 888ರಿಂದ ಶುರುವಾಗುವ ಉದ್ದನೆಯ ಒಂದು ಸಂಕೇತ ನಿಲ್ಲುತ್ತದೆ. ‘ಇದು ನಿಮ್ಮ ಕಂಪ್ಯೂಟರಿನ ವಿಶಿಷ್ಟ ಗುರುತು ಸಂಖ್ಯೆ. ನಮ್ಮ ದಾಖಲೆಯಲ್ಲಿರುವುದನ್ನು ಓದುತ್ತೇನೆ, ತಾಳೆ ನೋಡಿ’ ಎಂದು ಆತ ಒಂದೊಂದೇ ಅಂಕಿ ಓದುತ್ತಾನೆ. ಎಲ್ಲವೂ ತಾಳೆಯಾಗುತ್ತವೆ. ತಾಳೆಯಾಗದೆ ಏನು, ಝಿಪ್ ಕಡತಗಳಿಗೆ ಸಂಬಂಧಿಸಿದ ಆ ಸಂಕೇತ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಒಂದೇ. ಆದರೆ ಫೋನ್ ಹಿಡಿದು ಕುಳಿತ ಹಿರಿಯರಿಗೆ ಆ ಕ್ಷಣ ಕಂಪನಿಯವರೇ ಮಾತಾಡುತ್ತಿದ್ದಾರೆಂಬುದು ಖಚಿತವಾಗಿಬಿಡುತ್ತದೆ.

ಮುಂದಿನದು ವಸೂಲಿ. ವರ್ಷಗಟ್ಟಲೆಯ ‘ರಕ್ಷಣಾ ಯೋಜನೆ’ ಮಾರುವುದು ಒಂದು ಬಗೆ. ಕೆಲವು ತಿಂಗಳ ನಂತರ ‘ಕಂಪನಿ ಮುಚ್ಚುತ್ತಿದ್ದೇವೆ, ನಿಮ್ಮ ಹಣ ವಾಪಸ್ ಕೊಡುತ್ತೇವೆ’ ಎಂದು ಮತ್ತೆ ಬರುವುದು ಇನ್ನೊಂದು. ಬ್ಯಾಂಕಿನ ಪುಟ ತೆರೆಸಿ, ದೂರದಿಂದಲೇ ಆ ಪುಟದ ಅಂಕಿಯನ್ನು ಪರದೆಯ ಮೇಲೆ ಮಾತ್ರ ತಿದ್ದಿ, 300 ಬರಬೇಕಿದ್ದಲ್ಲಿ 3,000 ಬಂದಿದೆ ಎನ್ನುತ್ತಾರೆ. ‘ಹೆಚ್ಚಾದದ್ದನ್ನು ಹಿಂದಿರುಗಿಸಿ, ಇಲ್ಲವಾದರೆ ನನ್ನ ಕೆಲಸ ಹೋಗುತ್ತದೆ’ ಎಂದು ಅಳುತ್ತಾರೆ. ಗಿಫ್ಟ್ ಕಾರ್ಡ್ ಕೊಂಡು ಅದರ ಅಂಕಿ ಓದಿಸುವುದು ಈ ದಂಧೆಯ ಹಳೆಯ ಪದ್ಧತಿ. ಹೀಗೆ ಹೋದ ಹಣದ ಜಾಡು ಹಿಡಿಯುವುದು ಬಹಳ ಕಷ್ಟ. ಇಲ್ಲಿ ಸೋತವರು ದುರಾಸೆಗೆ ಬಿದ್ದವರಲ್ಲ; ಇನ್ನೊಬ್ಬರ ಕೆಲಸ ಹೋಗಬಾರದೆಂದು ಮರುಗಿದವರು.

ಮೊಬೈಲಿನ ಕಾಟ

ನಮ್ಮಲ್ಲಿ ಬಹಳಷ್ಟು ಜನರಿಗೆ ಇಂಟರ್ನೆಟ್ ಎಂದರೆ ಮೊಬೈಲು. ಅಲ್ಲಿ ಈ ಕಾಟ ಹೆಚ್ಚಾಗಿ ಬರುವುದು ನೋಟಿಫಿಕೇಶನ್ ರೂಪದಲ್ಲಿ. ಯಾವುದೋ ತಾಣ ‘ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎನ್ನುತ್ತದೆ. ಒತ್ತಿದರೆ ಆ ತಾಣಕ್ಕೆ ಸಂದೇಶ ಕಳಿಸುವ ಪರವಾನಗಿ ಸಿಕ್ಕಿತು. ಅಂದಿನಿಂದ ಬ್ರೌಸರ್ ಮುಚ್ಚಿದ್ದರೂ ‘ಫೋನಿಗೆ ವೈರಸ್’, ‘ಬ್ಯಾಟರಿ ಹಾಳಾಗಿದೆ’, ‘ಆಂಟಿವೈರಸ್ ಅವಧಿ ಮುಗಿದಿದೆ’ ಎಂದು ಗಂಟೆಗೊಂದು ಬರುತ್ತದೆ. ಜನ ಆಂಟಿವೈರಸ್ ಹಾಕಿ ತಪಾಸಣೆ ಮಾಡಿಸುತ್ತಾರೆ, ಏನೂ ಸಿಗುವುದಿಲ್ಲ. ಸಿಗದಿರುವುದು ಸಹಜ, ಒಳಗೆ ಯಾವ ವೈರಸ್ಸೂ ಇಲ್ಲ. ಇರುವುದು ನಾವೇ ಕೊಟ್ಟ ಒಂದು ಅನುಮತಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು ಪರಿಚಯವಿಲ್ಲದ ತಾಣಗಳನ್ನೆಲ್ಲ ತಡೆದರೆ ಕಾಟ ಅಲ್ಲಿಗೇ ನಿಲ್ಲುತ್ತದೆ. ಐಫೋನಿನಲ್ಲಿ ಇದೇ ಬಗೆಯ ಕಿರುಕುಳ ಕ್ಯಾಲೆಂಡರಿನ ಮೂಲಕ ಬರುವುದುಂಟು. ಅಪರಿಚಿತ ಕ್ಯಾಲೆಂಡರಿನ ಚಂದಾದಾರಿಕೆ ಅಳಿಸಿದರೆ ಅದರೊಂದಿಗೇ ‘ವೈರಸ್’ ಸಂದೇಶಗಳೂ ಹೋಗುತ್ತವೆ.

ನಿಜವಾದ ಅಪಾಯ ಇರುವುದು ಎಚ್ಚರಿಕೆಯನ್ನು ನಂಬಿ ‘ಕ್ಲೀನರ್’ ಎಂಬ ಎಪಿಕೆ ಕಡತ ಇಳಿಸಿಕೊಂಡು ಹಾಕಿಕೊಂಡಾಗ. ಎಸ್‌ಎಂಎಸ್ ಓದುವ, ಪರದೆ ನೋಡುವ ಅನುಮತಿ ಪಡೆದ ಇಂಥ ಆ್ಯಪ್ ಒಟಿಪಿಯನ್ನು ನಿಮ್ಮ ಕಣ್ಣೆದುರೇ ಸಾಗಿಸಬಲ್ಲದು. ಕಂಪ್ಯೂಟರಿನಲ್ಲಿ ಇದಕ್ಕೆ ಸಮನಾದ ಹೊಸ ಪಿಡುಗು 2024ರಿಂದೀಚೆಗೆ ಹಬ್ಬಿದ ಕ್ಲಿಕ್‌ಫಿಕ್ಸ್. ನಕಲಿ ದೋಷಸಂದೇಶವೋ ನಕಲಿ ಕ್ಯಾಪ್ಚಾವೋ ಬಂದು, ‘ಸರಿಪಡಿಸಲು ವಿಂಡೋಸ್ ಕೀ ಜತೆಗೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ’ ಎನ್ನುತ್ತದೆ. ಪುಟ ಅಷ್ಟರಲ್ಲಿ ಗುಟ್ಟಾಗಿ ಒಂದು ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಹಾಕಿರುತ್ತದೆ. ಬೇಲಿ ದಾಟಲಾಗದ ಪುಟ, ಬೇಲಿಯ ಈಚೆಗಿರುವ ನಿಮ್ಮ ಕೈಯಿಂದಲೇ ಕಳ್ಳ ಪ್ರೋಗ್ರಾಮನ್ನು ಓಡಿಸಿಕೊಳ್ಳುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಕದಿಯುವ ಲುಮ್ಮಾ ಎಂಬ ಮಾಲ್‌ವೇರ್ ಹೀಗೆ ಅನೇಕರ ಯಂತ್ರ ಸೇರಿತು. ಯಾವ ಸಾಚಾ ತಾಣವೂ ಹೀಗೆ ಕೀಲಿ ಒತ್ತಲು ಹೇಳುವುದಿಲ್ಲ.

ತಡೆಯುವ ಯತ್ನಗಳು

ಬ್ರೌಸರ್ ಕಂಪನಿಗಳು ಸುಮ್ಮನೆ ಕುಳಿತಿಲ್ಲ. ಐಫೋನಿನ ಸಫಾರಿಯನ್ನು ಕಟ್ಟಿಹಾಕಿ ಗಿಫ್ಟ್ ಕಾರ್ಡ್ ಕೇಳುತ್ತಿದ್ದ ಪಾಪ್-ಅಪ್‌ಗಳಿಗೆ ಆ್ಯಪಲ್ 2017ರ ಮಾರ್ಚ್‌ನಲ್ಲಿ ಐಒಎಸ್ 10.3ರ ಮೂಲಕ ತಡೆ ಹಾಕಿತು. 2025ರಲ್ಲಿ ಮೈಕ್ರೋಸಾಫ್ಟ್ ಎಡ್ಜ್‌ನಲ್ಲಿ ಪೂರ್ಣ ಪರದೆಯ ಬೆದರಿಕೆ ಪುಟಗಳನ್ನು ಗುರುತಿಸುವ ವ್ಯವಸ್ಥೆ ತಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಗೂಗಲ್, ಕ್ರೋಮ್‌ನಲ್ಲಿ ಯಂತ್ರದೊಳಗೇ ಕೆಲಸ ಮಾಡುವ ಜೆಮಿನಿ ನ್ಯಾನೋ ಮಾದರಿಯನ್ನು ಇದೇ ಕೆಲಸಕ್ಕೆ ಹಚ್ಚಿತು. ಇಂಥ ಪುಟಗಳ ಆಯಸ್ಸು ಬಹಳ ಕಡಿಮೆ. ಕಪ್ಪುಪಟ್ಟಿಗೆ ಸೇರುವ ಹೊತ್ತಿಗೆ ವಿಳಾಸ ಬದಲಾಗಿರುತ್ತದೆ. ಆದ್ದರಿಂದ ಪುಟದ ನಡವಳಿಕೆ ನೋಡಿ ಅಲ್ಲಿಯೇ ತೀರ್ಮಾನಿಸುವ ಈ ಹಾದಿ ಸರಿಯಾದದ್ದೇ. ಜಾಹೀರಾತಿನ ಕಡೆಯಿಂದ, ಬಿಂಗ್ 2016ರಲ್ಲಿ ಮೂರನೆಯವರ ತಾಂತ್ರಿಕ ನೆರವಿನ ಜಾಹೀರಾತುಗಳನ್ನು ನಿಷೇಧಿಸಿತು, 2018ರಲ್ಲಿ ಗೂಗಲ್ ನಿರ್ಬಂಧ ಹೇರಿತು. 2022ರ ಡಿಸೆಂಬರಿನಲ್ಲಿ ಎಫ್‌ಬಿಐ, ಹುಡುಕಾಟದ ನಕಲಿ ಜಾಹೀರಾತುಗಳಿಂದ ಪಾರಾಗಲು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟಿತು. ಸರ್ಕಾರಿ ತನಿಖಾ ಸಂಸ್ಥೆಯೇ ಹಾಗೆ ಹೇಳಬೇಕಾಗಿ ಬಂದದ್ದು ಜಾಹೀರಾತು ಮಾರುಕಟ್ಟೆಯ ಕಾವಲು ಎಷ್ಟು ಸಡಿಲ ಎಂಬುದಕ್ಕೆ ಸಾಕ್ಷಿ.

ಕಾನೂನಿನ ಕೈ ನಮ್ಮ ದೇಶದಲ್ಲೂ ಚಾಚಿದೆ. 2018ರ ಅಕ್ಟೋಬರ್–ನವೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ದೂರಿನ ಮೇರೆಗೆ ದೆಹಲಿ, ಗುರುಗ್ರಾಮ, ನೊಯ್ಡಾಗಳ ಕಾಲ್ ಸೆಂಟರ್‌ಗಳ ಮೇಲೆ ಪೊಲೀಸರು ಸಾಲುಸಾಲಾಗಿ ದಾಳಿ ಮಾಡಿದರು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ 2’ರ ಅಡಿ 76 ಕಡೆ ಶೋಧ ನಡೆಸಿತು, ತಾಂತ್ರಿಕ ನೆರವಿನ ವಂಚನೆ ಅದರಲ್ಲಿ ಮುಖ್ಯವಾಗಿತ್ತು. 2025ರ ಮೇ ತಿಂಗಳಲ್ಲಿ ಜಪಾನಿನ ಪ್ರಜೆಗಳನ್ನು ಗುರಿಯಾಗಿಸಿದ್ದ ಜಾಲಕ್ಕಾಗಿ ಮತ್ತೆ ಶೋಧ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಮೈಕ್ರೋಸಾಫ್ಟ್ ಸೋಗಿನಲ್ಲಿ ಅಮೆರಿಕದವರನ್ನು ವಂಚಿಸುತ್ತಿದ್ದ ಆರೋಪದ ಮೇಲೆ ಪೊಲೀಸರು 21 ಜನರನ್ನು ಬಂಧಿಸಿದರು. ಇದು ನಮ್ಮ ಮನೆಯಂಗಳಕ್ಕೂ ಬಂದಿರುವ ಪಿಡುಗು. ಅರ್ಹತೆ ಕೇಳದೆ, ರಾತ್ರಿ ಪಾಳಿಗೆ, ಒಳ್ಳೆಯ ಇಂಗ್ಲಿಷ್ ಇದ್ದರೆ ಸಾಕು ಎನ್ನುವ ‘ಟೆಕ್ ಸಪೋರ್ಟ್’ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರದಲ್ಲೇ ಸುಳ್ಳು ಹೆಸರು ಇಟ್ಟುಕೊಳ್ಳಲು ಹೇಳಿದರೆ, ಎದ್ದು ಹೊರಬರುವುದೇ ಒಳಿತು ಎಂದು ಮನೆಯವರು ಗಟ್ಟಿಯಾಗಿ ಹೇಳಬೇಕು.

ಎದುರಾದಾಗ ಮಾಡಬೇಕಾದದ್ದು

ಪುಟದೊಳಗಿನ ಯಾವ ಗುಂಡಿಯನ್ನೂ ಒತ್ತಬೇಡಿ. ‘ರದ್ದು’ ಎಂಬುದೂ, ಮೂಲೆಯ ಗುಣಾಕಾರ ಚಿಹ್ನೆಯೂ ಅವರು ಬರೆದ ಚಿತ್ರವೇ ಆಗಿರಬಹುದು. ಮೊದಲು ಎಸ್ಕೇಪ್ ಕೀಲಿಯನ್ನು ಒಂದೆರಡು ಕ್ಷಣ ಒತ್ತಿ ಹಿಡಿಯಿರಿ. ಪೂರ್ಣ ಪರದೆ ಹೋಗಿ ಬ್ರೌಸರಿನ ಅಂಚು ಕಂಡರೆ ಟ್ಯಾಬ್ ಮುಚ್ಚಿ. ಜಗ್ಗದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಯಾವ ವೆಬ್ ಪುಟಕ್ಕೂ ಈ ಮೂರು ಕೀಲಿಯನ್ನು ತಡೆಯಲಾಗದು. ಬರುವ ಪಟ್ಟಿಯಲ್ಲಿ ಟಾಸ್ಕ್ ಮ್ಯಾನೇಜರ್ ಆರಿಸಿ ಬ್ರೌಸರನ್ನು ನಿಲ್ಲಿಸಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್. ಅದೂ ನೆನಪಾಗದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರ ಆರಿಸಿ. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ಮರಳಿ ತೆರೆಯಲೇ’ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಿ. ಮೊಬೈಲಿನಲ್ಲಾದರೆ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬ್ರೌಸರನ್ನು ಸರಿಸಿಬಿಟ್ಟು, ಮತ್ತೆ ತೆರೆದು ಆ ಟ್ಯಾಬ್ ಮುಚ್ಚಿ, ಬ್ರೌಸಿಂಗ್ ಇತಿಹಾಸ ಅಳಿಸಿ. ಇಷ್ಟರಲ್ಲಿ ಕೆಲಸ ಮುಗಿಯಿತು. ಪುಟ ಕಂಡ ಮಾತ್ರಕ್ಕೆ ಫೋನ್ ಫಾರ್ಮ್ಯಾಟ್ ಮಾಡಿಸುವ, ರಿಪೇರಿ ಅಂಗಡಿಗೆ ಹಣ ಸುರಿಯುವ ಅಗತ್ಯವಿಲ್ಲ. ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆಗಿರುವಂತೆ ನೋಡಿಕೊಂಡರೆ ಸಾಕು.

ಕರೆ ಮಾಡಿ ದೂರನಿಯಂತ್ರಣ ಕೊಟ್ಟುಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಆ ಪ್ರೋಗ್ರಾಮನ್ನು ತೆಗೆದುಹಾಕಿ. ಬೇರೊಂದು ಯಂತ್ರದಿಂದ ಈಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿ. ಹೇಳಿದ ಆಜ್ಞೆ ಒತ್ತಿದ್ದರೆ ಇಲ್ಲವೇ ಎಪಿಕೆ ಹಾಕಿಕೊಂಡಿದ್ದರೆ ತಿಳಿದವರಿಂದ ಯಂತ್ರವನ್ನು ಪೂರ್ತಿ ಶುಚಿಗೊಳಿಸಿಕೊಳ್ಳುವುದು ಲೇಸು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಇದಕ್ಕೆಂದು ಉಚಿತ ಸಾಧನಗಳನ್ನು ಕೊಡುತ್ತದೆ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡಿ. ಹಣ ಕೈಯಿಂದ ಕೈಗೆ ದಾಟುವ ಮುನ್ನ ಖಾತೆ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ತಡ ಮಾಡಿದಷ್ಟೂ ನಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಡ. ಕಳೆದ ಹಣ ವಾಪಸ್ ಕೊಡಿಸುತ್ತೇವೆಂದು ಆಮೇಲೆ ಬರುವ ಅಪರಿಚಿತರನ್ನೂ ನಂಬಬೇಡಿ. ಎಷ್ಟೋ ಸಲ ಅದು ಅದೇ ಜಾಲದ ಎರಡನೆಯ ಸುತ್ತು.

ಉಳಿದಿರುವ ಹೊಣೆ

ಕನ್ನಡದ ಬಳಕೆದಾರರ ಮಟ್ಟಿಗೆ ಇನ್ನೊಂದು ತೊಡಕಿದೆ. ಫೋನು, ಕಂಪ್ಯೂಟರು, ಬ್ಯಾಂಕು ಎಲ್ಲವೂ ಇಂಗ್ಲಿಷಿನಲ್ಲೇ ಮಾತಾಡುವಾಗ, ಇಂಗ್ಲಿಷಿನ ಯಾವ ಪೆಟ್ಟಿಗೆ ಎದ್ದುಬಂದರೂ ಅದು ಅಧಿಕೃತವೆಂದೇ ತೋರುತ್ತದೆ. ಅರ್ಥವಾಗದ ಸಂದೇಶದ ಭಯ ಅರ್ಥವಾದದ್ದರ ಭಯಕ್ಕಿಂತ ದೊಡ್ಡದು. ಆಂಡ್ರಾಯ್ಡ್, ವಿಂಡೋಸ್ ಎರಡರಲ್ಲೂ ಕನ್ನಡದ ಆಯ್ಕೆ ಇದೆ. ಮನೆಯ ಹಿರಿಯರ ಫೋನಿಗೆ ಅದನ್ನು ಹಾಕಿಕೊಟ್ಟರೆ ಫೋನಿನ ಸ್ವಂತ ಸಂದೇಶಗಳು ಕನ್ನಡದಲ್ಲಿ ಬರುತ್ತವೆ, ಇಂಗ್ಲಿಷಿನಲ್ಲಿ ಹೆದರಿಸುವುದು ಹೊರಗಿನದ್ದೆಂದು ಕಣ್ಣಿಗೆ ಹೊಡೆಯುತ್ತದೆ. ಬಳಕೆದಾರರ ಭಾಷೆ ನೋಡಿ ಅನುವಾದಿಸಿ ಹೆದರಿಸುವ ಪುಟಗಳೂ ಇವೆ, ಆದ್ದರಿಂದ ಇದೊಂದೇ ರಕ್ಷೆಯಲ್ಲ. ಆದರೂ ಉಪಯೋಗಕ್ಕೆ ಬರುವ ಕ್ರಮ. ಬ್ಯಾಂಕುಗಳೂ ಪೊಲೀಸರೂ ಕೊಡುವ ಎಚ್ಚರಿಕೆಗಳು ಸರಳ ಕನ್ನಡದಲ್ಲಿ, ಪಾಪ್-ಅಪ್‌ನ ನಿಜವಾದ ಚಿತ್ರದೊಂದಿಗೆ ಬರಬೇಕು. ‘ಜಾಗ್ರತೆಯಿಂದಿರಿ’ ಎಂಬ ಬರಿಯ ಉಪದೇಶದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಬ್ರೌಸರಿನ ಪುಟಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಅರ್ಧ ಗಂಟೆ ತೋರಿಸಿದರೆ ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ.

ಜಾಹೀರಾತಿನಿಂದ ಲಾಭ ಮಾಡುವ ಕಂಪನಿಗಳು ತಮ್ಮ ಮೂಲಕ ಬಂದ ವಂಚನೆಗೆ ಲೆಕ್ಕ ಕೊಡುವ ಕಾಲವೂ ಬರಬೇಕು. ಜಾಗ ಕೊಂಡವರು ಯಾರೆಂದು ವಿಚಾರಿಸದೆ ಮಾರಿದವನು ತನಗೇನೂ ಸಂಬಂಧವಿಲ್ಲವೆನ್ನುವುದು ಬೇರಾವ ವ್ಯಾಪಾರದಲ್ಲೂ ನಡೆಯುವ ಮಾತಲ್ಲ.

ಎಲ್ಲಕ್ಕಿಂತ ಬೇಗ ನಾವೇ ಮಾಡಬಹುದಾದ ಕೆಲಸ ಮನೆಯೊಳಗಿದೆ. ಮೋಸ ಹೋದವರು ಬಾಯಿಬಿಡದಿರಲು ಮುಖ್ಯ ಕಾರಣ ನಾಚಿಕೆ; ಆ ನಾಚಿಕೆಯನ್ನು ಹುಟ್ಟಿಸುವುದು ‘ಅಷ್ಟೂ ಗೊತ್ತಾಗಲಿಲ್ಲವೇ’ ಎಂಬ ನಮ್ಮ ಮಾತು. ಬೈಗುಳಕ್ಕೆ ಹೆದರಿ ಒಂದು ದಿನ ಸುಮ್ಮನಿದ್ದರೆ 1930ಕ್ಕೆ ಕರೆ ಮಾಡುವ ಹೊತ್ತು ಮೀರುತ್ತದೆ. ವಂಚಕ ಬಯಸುವುದು ಒಂಟಿಯಾಗಿ ಹೆದರಿದ ಮನುಷ್ಯನನ್ನು. ‘ಏನೇ ಬಂದರೂ ಮೊದಲು ನನ್ನನ್ನು ಕರೆ, ನಾನು ಬೈಯುವುದಿಲ್ಲ’ ಎಂಬ ಭರವಸೆ ಮನೆಯಲ್ಲಿ ಒಬ್ಬರಿಂದಾದರೂ ಸಿಕ್ಕಿದ್ದರೆ, ಪರದೆಯ ಮೇಲಿನ ನಂಬರಿಗೆ ಕರೆ ಮಾಡುವ ಪ್ರಮೇಯವೇ ಬರುವುದಿಲ್ಲ.